ಮನೆಯ ವೈಫೈಗೆ ಬೀಗ: ಮುಕ್ತ ತಂತ್ರಾಂಶದಿಂದ ನೀವೇ ಹಾಕಿಕೊಳ್ಳಿ

ಮಾರ್ಕಯನ್‌ಕೋಟ್ಟೈ (ತೇನಿ ಜಿಲ್ಲೆ): ರಾತ್ರಿ ಮಲಗುವ ಮುನ್ನ ಬಾಗಿಲಿಗೆ ಚಿಲಕ ಹಾಕಿದೆಯಾ ಎಂದು ಎರಡು ಸಲ ನೋಡುವವರು ನಾವು. ಆದರೆ ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುತ್ತ ಕೂತಿರುವ ವೈಫೈ ಪೆಟ್ಟಿಗೆಯ ಚಿಲಕ ಹಾಕಿದವರು ಯಾರು? ಸಂಪರ್ಕ ಕೊಡಲು ಬಂದ ಹುಡುಗರು. ಪಾಸ್‌ವರ್ಡ್ ಇಟ್ಟವರೂ ಅವರೇ. ಹಲವು ಮನೆಗಳಲ್ಲಿ ಅದು ಮನೆಯ ಯಜಮಾನರ ಮೊಬೈಲ್ ಸಂಖ್ಯೆ, ಇಲ್ಲವೇ ಪೆಟ್ಟಿಗೆಯ ತಳದ ಚೀಟಿಯಲ್ಲಿ ಅಚ್ಚಾಗಿರುವ ಅಕ್ಷರಗಳು. ಬೀದಿಯ ಅರ್ಧ ಜನಕ್ಕೆ ಅದು ಗೊತ್ತು. ಈ ಲೇಖಕನ ಮನೆಯಲ್ಲೂ ಎರಡು ವರ್ಷ ತಳದ ಚೀಟಿಯ ಪಾಸ್‌ವರ್ಡೇ ನಡೆದಿತ್ತು ಎಂದು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಹಾಗಾಗಿ ಈ ಬರಹ. ಯಾರು ಬೇಕಾದರೂ ಉಚಿತವಾಗಿ ಪಡೆದು, ಓದಿ, ತಿದ್ದಬಹುದಾದ ಮುಕ್ತ ತಂತ್ರಾಂಶ ಬಳಸಿ ಮನೆಯ ವೈಫೈಯನ್ನು ಭದ್ರ ಮಾಡುವುದು ಹೇಗೆ ಎಂದು ಹೆಜ್ಜೆ ಹೆಜ್ಜೆಯಾಗಿ ಇಲ್ಲಿದೆ. ಗಣಕಯಂತ್ರ ಬಳಸಲು ಬಂದರೆ ಸಾಕು. ಒಂದು ಭಾನುವಾರದ ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ.

ನಮಗೇಕೆ ಈ ತಲೆನೋವು?

'ನಮ್ಮ ಮನೆಯಲ್ಲಿ ಕದಿಯಲು ಏನಿದೆ?' ಎಂಬ ಪ್ರಶ್ನೆ ಸಹಜ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ ನಡೆಯಿತು. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿವಾಹಿನಿಗಳಿಗೆ ಬಂದ ಬೆದರಿಕೆ ಇ-ಮೇಲ್‌ನ ಜಾಡು ಹಿಡಿದು ಪೊಲೀಸರು ಹೊರಟರೆ, ಅದು ಮುಟ್ಟಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯನ್ನು. ಅವರ ವೈಫೈ ಭದ್ರವಾಗಿರಲಿಲ್ಲ. ಬೇರೆ ಯಾರೋ ಅದಕ್ಕೆ ಜೋಡಿಸಿಕೊಂಡು ಮೇಲ್ ಕಳಿಸಿದ್ದರು. ಆದರೂ ಮನೆಯ ಗಣಕಯಂತ್ರಗಳನ್ನು ಪೊಲೀಸರು ಒಯ್ದರು, ವಿಚಾರಣೆ ತಪ್ಪಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 13ರ ದೆಹಲಿ ಸ್ಫೋಟದ ಮೇಲ್ ಕೂಡ ಮುಂಬೈಯ ಚೆಂಬೂರಿನ ಒಂದು ಕಂಪನಿಯ ವೈಫೈ ಮೂಲಕವೇ ಹೋಗಿತ್ತು. ಇದಾದ ಮೇಲೆ 2009ರಲ್ಲಿ ದೂರಸಂಪರ್ಕ ಇಲಾಖೆ, ಗ್ರಾಹಕರ ವೈಫೈ ಭದ್ರವಾಗಿರುವಂತೆ ನೋಡಿಕೊಳ್ಳಿ ಎಂದು ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು.

ಗಮನಿಸಿ: ಬ್ಯಾಂಕಿನ ತಾಣ, ಹಣ ಕಳಿಸುವ ಆ್ಯಪ್‌ಗಳ ಮಾತುಕತೆ ಸಾಮಾನ್ಯವಾಗಿ ತನ್ನದೇ ಗೂಢಲಿಪಿಯಲ್ಲಿ ನಡೆಯುತ್ತದೆ. ವೈಫೈ ಸಡಿಲವಿದ್ದ ಮಾತ್ರಕ್ಕೆ ಖಾತೆ ಖಾಲಿಯಾಗುವುದಿಲ್ಲ. ನಿಜವಾದ ಅಪಾಯ ಬೇರೆ. ನಿಮ್ಮ ಹೆಸರಿನ ಸಂಪರ್ಕದಲ್ಲಿ ಬೇರೆಯವರು ತಪ್ಪು ಮಾಡಬಹುದು. ಮನೆಯ ಕ್ಯಾಮೆರಾ, ಪ್ರಿಂಟರ್ ಹೊರಗಿನವರ ಕೈಗೆ ಸಿಗಬಹುದು. ಪೆಟ್ಟಿಗೆಯೊಳಗಿನ ವಿಳಾಸಪಟ್ಟಿ ಬದಲಿಸಿ ನಿಮ್ಮನ್ನು ನಕಲಿ ಪುಟಗಳತ್ತ ತಿರುಗಿಸಲೂಬಹುದು. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ಪ್ರಪಂಚದಾದ್ಯಂತ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶ ಮಾಡಿಕೊಂಡಿತು. ಅದು ಬಳಸಿದ ಉಪಾಯ ಒಂದೇ: ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೇ ಇದ್ದದ್ದು.

ತೇನಿ ಮೊದಲೇ ಕಲಿಸಿದ ಪಾಠ

ಮುಕ್ತ ತಂತ್ರಾಂಶದ ವೈಫೈ ನಮ್ಮ ಕಣಿವೆಗೆ ಹೊಸದಲ್ಲ. ಸುಮಾರು 2005ರಲ್ಲೇ ತೇನಿಯ ಅರವಿಂದ್ ಕಣ್ಣಾಸ್ಪತ್ರೆ, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ತಂಡದ ಜೊತೆ ಸೇರಿ ಸುತ್ತಲ ಊರುಗಳ ಕಣ್ಣು ತಪಾಸಣಾ ಕೇಂದ್ರಗಳನ್ನು ವೈಫೈ ಮೂಲಕ ಜೋಡಿಸಿತು. ಆಂಡಿಪಟ್ಟಿಯಂಥ ಊರಿನಲ್ಲಿ ಕೂತ ಅಜ್ಜಿ ತೇನಿಯ ವೈದ್ಯರ ಜೊತೆ ಪರದೆಯ ಮೇಲೆ ಮಾತಾಡಿದರು. ಒಂದು ಕೊಂಡಿಯ ಉದ್ದ 15 ಕಿಲೋಮೀಟರ್‌ವರೆಗೂ ಇತ್ತು. 2008ರ ಹೊತ್ತಿಗೆ ಈ ಜಾಲ ತಿಂಗಳಿಗೆ ಸುಮಾರು 3000 ರೋಗಿಗಳಿಗೆ ಉಪಯೋಗಕ್ಕೆ ಬರುತ್ತಿತ್ತು.

ಮನೆಯೊಳಗಿನ ವೈಫೈ ಅಷ್ಟು ದೂರ ಹೋದದ್ದು ಹೇಗಂತೀರಾ? ಎತ್ತರದ ಕಂಬಗಳ ಮೇಲೆ ದಿಕ್ಕು ಹಿಡಿದ ಆಂಟೆನಾ, ಅದರ ಬುಡದಲ್ಲಿ ಲಿನಕ್ಸ್ ನಡೆಸುವ ಪುಟ್ಟ ಗಣಕಯಂತ್ರ. ವೈಫೈ ಪ್ರತಿ ಮಾತಿಗೂ 'ತಲುಪಿತು' ಎಂಬ ಉತ್ತರಕ್ಕೆ ಕಾಯುತ್ತದೆ. ದೂರ ಹೆಚ್ಚಾದಷ್ಟೂ ಈ ಕಾಯುವಿಕೆಯೇ ಅಡ್ಡಿ. ತಂತ್ರಾಂಶ ಮುಕ್ತವಾಗಿದ್ದರಿಂದ ತಂಡದವರು ಆ ನಿಯಮವನ್ನೇ ತಿದ್ದಿ, ಎರಡೂ ತುದಿಗಳು ಸರದಿಯಲ್ಲಿ ಮಾತಾಡುವಂತೆ ಮಾಡಿದರು. ಮುಚ್ಚಿದ ತಂತ್ರಾಂಶವಾಗಿದ್ದರೆ ಕಂಪನಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಬೇಕಿತ್ತು.

ಅವರನ್ನು ಹೆಚ್ಚು ಕಾಡಿದ್ದು ಎರಡು ಸಂಗತಿ. ಒಂದು, ಏರುಪೇರಿನ ವಿದ್ಯುತ್. ಹಠಾತ್ತನೆ ಕರೆಂಟು ಹೋದಾಗ ಯಂತ್ರದ ನೆನಪಿನ ಕಾರ್ಡ್ ಕೆಡುತ್ತಿತ್ತು. ಇನ್ನೊಂದು, ಕೆಟ್ಟಾಗ ನೋಡಲು ಊರಿನಲ್ಲಿ ಬಲ್ಲವರು ಇಲ್ಲದಿದ್ದದ್ದು. ಈ ಎರಡೂ ಪಾಠ ಮುಂದೆ ನಮ್ಮ ಮನೆಯ ಪೆಟ್ಟಿಗೆಗೂ ಬೇಕಾಗುತ್ತವೆ.

ಓಪನ್‌ಡಬ್ಲ್ಯುಆರ್‌ಟಿ ಎಂದರೇನು?

ವೈಫೈ ರೌಟರ್ ಕೂಡ ಒಂದು ಸಣ್ಣ ಗಣಕಯಂತ್ರವೇ. ಅದರೊಳಗೊಂದು ತಂತ್ರಾಂಶ ಇರುತ್ತದೆ. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೌಟರ್ ತಂದಿತು. ಅದರಲ್ಲಿ ಲಿನಕ್ಸ್ ಇರುವುದು ಬಯಲಾದಾಗ, ಲಿನಕ್ಸ್‌ನ ಪರವಾನಗಿಯ ಪ್ರಕಾರ ಕಂಪನಿ 2003ರಲ್ಲಿ ಮೂಲ ಸಂಕೇತವನ್ನು ಪ್ರಕಟಿಸಬೇಕಾಯಿತು. ಅದನ್ನೇ ಆಧಾರವಾಗಿ ಇಟ್ಟುಕೊಂಡು 2004ರಲ್ಲಿ ಶುರುವಾದದ್ದು ಓಪನ್‌ಡಬ್ಲ್ಯುಆರ್‌ಟಿ. ಹೆಸರಿನಲ್ಲಿ ಹಳೆಯ ರೌಟರ್‌ನ ನೆನಪು ಉಳಿದಿದೆ. ಈಗ ಇದು ನೂರಾರು ಮಾದರಿಗಳಲ್ಲಿ ನಡೆಯುತ್ತದೆ.

ಲಾಭವೇನು? ಕಂಪನಿಗಳು ಹಳೆಯ ಮಾದರಿಗೆ ಕೆಲವೇ ವರ್ಷಗಳಲ್ಲಿ ದುರಸ್ತಿ ನಿಲ್ಲಿಸುತ್ತವೆ. ಪೆಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ, ಬೀಗ ಮಾತ್ರ ತುಕ್ಕು ಹಿಡಿಯುತ್ತದೆ. 2017ರ ಅಕ್ಟೋಬರ್‌ನಲ್ಲಿ ಡಬ್ಲ್ಯುಪಿಎ2 ಭದ್ರತೆಯಲ್ಲೇ 'ಕ್ರ್ಯಾಕ್' ಎಂಬ ದೋಷ ಪತ್ತೆಯಾದಾಗ ಓಪನ್‌ಡಬ್ಲ್ಯುಆರ್‌ಟಿಗೆ ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು. ಎಷ್ಟೋ ಹಳೆಯ ಪೆಟ್ಟಿಗೆಗಳಿಗೆ ಕಂಪನಿಯಿಂದ ಬರಲೇ ಇಲ್ಲ.

ಶುರು ಮಾಡುವ ಮೊದಲು

1. ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯನ್ನು ಮುಟ್ಟಬೇಡಿ. ಅದರ ತಂತ್ರಾಂಶ ಬದಲಿಸಲು ಹೋದರೆ ಸಂಪರ್ಕವೇ ನಿಲ್ಲಬಹುದು. ಬಹಳ ಸಲ ಅದು ಕಂಪನಿಯ ಸ್ವತ್ತು. ನಿಮ್ಮದೇ ಆದ ಇನ್ನೊಂದು ರೌಟರನ್ನು ಅದರ ಹಿಂದೆ ಜೋಡಿಸಿ.

2. ರೌಟರ್ ಕೊಳ್ಳುವ ಮೊದಲು ಓಪನ್‌ಡಬ್ಲ್ಯುಆರ್‌ಟಿ ತಾಣದ ಯಂತ್ರಪಟ್ಟಿಯಲ್ಲಿ ಅದು ಇದೆಯೇ ನೋಡಿ. ಮಾದರಿಯ ಹೆಸರು ಸಾಲದು, ತಳದ ಚೀಟಿಯಲ್ಲಿರುವ ಆವೃತ್ತಿ ಸಂಖ್ಯೆಯೂ ಹೊಂದಬೇಕು. ಒಂದೇ ಹೆಸರಿನ ಎರಡು ಆವೃತ್ತಿಗಳ ಒಳಗೆ ಬೇರೆ ಬೇರೆ ಚಿಪ್ ಇರುವುದುಂಟು.

3. 16 ಎಂಬಿ ಫ್ಲ್ಯಾಶ್, 128 ಎಂಬಿ ರ್‍ಯಾಮ್ ಇರುವ ಪೆಟ್ಟಿಗೆ ಆರಿಸಿ. 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್‌ನ ಹಳೆಯ ಪೆಟ್ಟಿಗೆಗಳಿಗೆ ಹೊಸ ಆವೃತ್ತಿಗಳು ಹಿಡಿಸುವುದಿಲ್ಲ.

4. ತಂತ್ರಾಂಶ ಬದಲಿಸಿದರೆ ಗ್ಯಾರಂಟಿ ಹೋಗಬಹುದು. ತಪ್ಪು ಕಡತ ಹಾಕಿದರೆ ಪೆಟ್ಟಿಗೆ ಇಟ್ಟಿಗೆಯಾಗಬಹುದು. ಇದು ತಿಳಿದೇ ಮುಂದುವರಿಯಿರಿ.

5. ಒಂದು ಲ್ಯಾನ್ ಕೇಬಲ್, ಒಂದು ಲ್ಯಾಪ್‌ಟಾಪ್, ಒಂದು ಯುಪಿಎಸ್ ಸಿದ್ಧವಿರಲಿ.

ಈಗ ಕೆಲಸ ಆರಂಭ

ಹೆಜ್ಜೆ 1: ಕಡತ ಇಳಿಸಿಕೊಳ್ಳಿ. ಓಪನ್‌ಡಬ್ಲ್ಯುಆರ್‌ಟಿಯ ಅಧಿಕೃತ ತಾಣದಿಂದಲೇ ನಿಮ್ಮ ಮಾದರಿಯ ಸ್ಥಿರ ಆವೃತ್ತಿಯನ್ನು ಇಳಿಸಿ. ಎರಡು ಬಗೆಯ ಕಡತ ಕಾಣಬಹುದು. 'ಫ್ಯಾಕ್ಟರಿ' ಎಂಬುದು ಕಂಪನಿ ತಂತ್ರಾಂಶದಿಂದ ಮೊದಲ ಸಲ ಬದಲಿಸಲು. 'ಸಿಸ್‌ಅಪ್‌ಗ್ರೇಡ್' ಎಂಬುದು ಆಮೇಲಿನ ನವೀಕರಣಕ್ಕೆ. ತಾಣದಲ್ಲಿ ಕೊಟ್ಟಿರುವ ತಪಾಸಣಾ ಸಂಖ್ಯೆ ನಿಮ್ಮ ಕಡತದ ಸಂಖ್ಯೆಗೆ ತಾಳೆಯಾಗಬೇಕು. ಆಗದಿದ್ದರೆ ಮತ್ತೆ ಇಳಿಸಿ.

ಹೆಜ್ಜೆ 2: ಕೇಬಲ್ ಮೂಲಕವೇ ಹಾಕಿ. ಲ್ಯಾಪ್‌ಟಾಪನ್ನು ರೌಟರ್‌ನ ಲ್ಯಾನ್ ಕಿಂಡಿಗೆ ಜೋಡಿಸಿ. ಹಳೆಯ ತಂತ್ರಾಂಶದ ನವೀಕರಣ ಪುಟಕ್ಕೆ ಹೋಗಿ ಕಡತ ಕೊಡಿ. ವೈಫೈ ಮೂಲಕ ಮಾಡಬೇಡಿ. ಮಧ್ಯದಲ್ಲಿ ಕರೆಂಟು ಹೋದರೆ ಕೆಲಸ ಕೆಟ್ಟಂತೆಯೇ, ಆದ್ದರಿಂದ ಯುಪಿಎಸ್. ಕೆಲವು ಮಾದರಿಗಳಿಗೆ ಬೇರೆ ವಿಧಾನವಿದೆ; ಆ ಮಾದರಿಯ ಪುಟವನ್ನು ಪೂರ್ತಿ ಓದಿಕೊಳ್ಳಿ.

ಹೆಜ್ಜೆ 3: ಮೊದಲ ಪ್ರವೇಶ. ಬ್ರೌಸರ್‌ನಲ್ಲಿ 192.168.1.1 ಎಂದು ಬರೆಯಿರಿ. ಬಳಕೆದಾರರ ಹೆಸರು 'ರೂಟ್', ಪಾಸ್‌ವರ್ಡ್ ಇರುವುದಿಲ್ಲ. ತಕ್ಷಣ 'ಸಿಸ್ಟಂ' ಪಟ್ಟಿಯ 'ಅಡ್ಮಿನಿಸ್ಟ್ರೇಶನ್' ಪುಟದಲ್ಲಿ ಪಾಸ್‌ವರ್ಡ್ ಇಡಿ. ಇದು ಪೆಟ್ಟಿಗೆಯ ಆಡಳಿತದ ಪಾಸ್‌ವರ್ಡ್. ವೈಫೈ ಪಾಸ್‌ವರ್ಡ್ ಬೇರೆ. ಎರಡೂ ಒಂದೇ ಆಗಿರಬಾರದು.

ಹೆಜ್ಜೆ 4: ಮನೆಯ ವಿಳಾಸ ಬದಲಿಸಿ. ಬಹಳ ಜನ ಎಡವುವುದು ಇಲ್ಲೇ. ಕಂಪನಿಯ ಫೈಬರ್ ಪೆಟ್ಟಿಗೆಯೂ ಅನೇಕ ಸಲ 192.168.1.1 ವಿಳಾಸವನ್ನೇ ಇಟ್ಟುಕೊಂಡಿರುತ್ತದೆ. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ಸಂಖ್ಯೆ ಕೊಟ್ಟ ಹಾಗೆ! 'ನೆಟ್‌ವರ್ಕ್' ಪಟ್ಟಿಯ 'ಇಂಟರ್‌ಫೇಸಸ್' ಪುಟದಲ್ಲಿ ಲ್ಯಾನ್ ವಿಳಾಸವನ್ನು 192.168.5.1 ಎಂದು ಮಾಡಿ ಉಳಿಸಿ. ಕೇಬಲ್ ಒಮ್ಮೆ ಕಿತ್ತು ಹಾಕಿ, ಹೊಸ ವಿಳಾಸಕ್ಕೆ ಹೋಗಿ. ಒಂದೂವರೆ ನಿಮಿಷದೊಳಗೆ ಹೋಗದಿದ್ದರೆ ಪೆಟ್ಟಿಗೆ ಸುರಕ್ಷತೆಗಾಗಿ ಹಳೆಯ ವಿಳಾಸಕ್ಕೇ ಮರಳಬಹುದು. ಗಾಬರಿ ಬೇಡ, ಇನ್ನೊಮ್ಮೆ ಮಾಡಿ.

ಹೆಜ್ಜೆ 5: ಇಂಟರ್ನೆಟ್ ಜೋಡಿಸಿ. ಫೈಬರ್ ಪೆಟ್ಟಿಗೆಯ ಲ್ಯಾನ್ ಕಿಂಡಿಯಿಂದ ಹೊಸ ರೌಟರ್‌ನ 'ವ್ಯಾನ್' ಕಿಂಡಿಗೆ ಕೇಬಲ್ ಹಾಕಿ. ಸಾಮಾನ್ಯವಾಗಿ ತಾನೇ ಸಂಪರ್ಕ ಸಿಗುತ್ತದೆ. ಹೊರಗಿನಿಂದ ಬರುವ ಕರೆಗಳನ್ನು ತಡೆಯುವ ಅಗ್ನಿಗೋಡೆ ಮೊದಲೇ ಚಾಲೂ ಇರುತ್ತದೆ. ಯಾರೋ ವೀಡಿಯೋದಲ್ಲಿ ಹೇಳಿದರೆಂದು ಅದರಲ್ಲಿ ಕಿಂಡಿ ಕೊರೆಯಬೇಡಿ.

ಹೆಜ್ಜೆ 6: ವೈಫೈ ಚಾಲೂ ಮಾಡಿ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಬಹುತೇಕ ಪೆಟ್ಟಿಗೆಗಳ ವೈಫೈ ಮೊದಲಿಗೆ ಮುಚ್ಚಿಯೇ ಇರುತ್ತದೆ. ಬಾಗಿಲು ತೆರೆಯುವ ಮೊದಲು ಬೀಗ ಹಾಕಲಿ ಎಂಬ ಮುನ್ನೆಚ್ಚರಿಕೆ. 'ನೆಟ್‌ವರ್ಕ್' ಪಟ್ಟಿಯ 'ವೈರ್‌ಲೆಸ್' ಪುಟದಲ್ಲಿ ಇವನ್ನು ತುಂಬಿ:

- ದೇಶ: ಭಾರತ. ಯಾವ ಚಾನೆಲ್, ಎಷ್ಟು ಶಕ್ತಿ ಎಂಬುದು ದೇಶದ ನಿಯಮ. ನಮ್ಮಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಲ್ಲಿ, 5 ಗಿಗಾಹರ್ಟ್ಸ್‌ನ ದೊಡ್ಡ ಭಾಗ 2018ರಲ್ಲಿ ಪರವಾನಗಿಯಿಂದ ಮುಕ್ತವಾದವು.
- ಹೆಸರು: ಮನೆತನ, ಬಾಗಿಲ ಸಂಖ್ಯೆ, ರೌಟರ್ ಮಾದರಿ ಯಾವುದೂ ಬೇಡ. ಊರಿನಲ್ಲಿ ಬೇರೆ ಯಾರೂ ಇಡದ ಹೆಸರಿರಲಿ.
- ಭದ್ರತೆ: 'ಡಬ್ಲ್ಯುಪಿಎ2-ಡಬ್ಲ್ಯುಪಿಎ3 ಮಿಕ್ಸ್‌ಡ್'. ಹಳೆಯ ಫೋನ್ ಜೋಡಿಸಿಕೊಳ್ಳದಿದ್ದರೆ 'ಡಬ್ಲ್ಯುಪಿಎ2-ಪಿಎಸ್‌ಕೆ', ಜೊತೆಗೆ 'ಸಿಸಿಎಂಪಿ' ಗೂಢಲಿಪಿ.
- ಚಾನೆಲ್: 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ರಲ್ಲಿ ಒಂದು. ಅಕ್ಕಪಕ್ಕದ ಮನೆಯವರು ಬಳಸದಿರುವುದನ್ನು ಆರಿಸಿ.

ಡಬ್ಲ್ಯುಇಪಿ ಎಂಬ ಹಳೆಯ ಭದ್ರತೆಯನ್ನು ಎಲ್ಲಿ ಕಂಡರೂ ಬಳಸಬೇಡಿ. ಅದರ ದೌರ್ಬಲ್ಯ 2001ರಲ್ಲೇ ಬಯಲಾಯಿತು. 2007ರ ಹೊತ್ತಿಗೆ ಒಂದು ನಿಮಿಷದಲ್ಲಿ ಒಡೆಯುವಂತಾಯಿತು. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯವೂ ಬೇಡ. ಅದರ ಎಂಟಂಕಿ ಸಂಖ್ಯೆಯನ್ನು ಕೇವಲ 11,000 ಪ್ರಯತ್ನಗಳಲ್ಲಿ ಕಂಡುಹಿಡಿಯಬಹುದೆಂದು 2011ರ ಡಿಸೆಂಬರ್‌ನಲ್ಲಿ ತೋರಿಸಲಾಯಿತು.

ಹೆಜ್ಜೆ 7: ಅತಿಥಿಗಳಿಗೆ ಬೇರೆ ಬಾಗಿಲು. ಹಬ್ಬಕ್ಕೆ ಬಂದ ನೆಂಟರು ವೈಫೈ ಕೇಳಿದರೆ ಇಲ್ಲ ಎನ್ನಲಾಗದು. ಅದೇ ಪೆಟ್ಟಿಗೆಯಲ್ಲಿ ಎರಡನೆಯ ವೈಫೈ ಹೆಸರು ಸೃಷ್ಟಿಸಿ, ಅದಕ್ಕೆ 192.168.6.1 ಎಂಬ ಬೇರೆ ವಿಳಾಸ, ಅಗ್ನಿಗೋಡೆಯಲ್ಲಿ ಬೇರೆ ವಲಯ ಕೊಡಿ. ಆ ವಲಯದಿಂದ ಇಂಟರ್ನೆಟ್‌ಗೆ ಮಾತ್ರ ದಾರಿ. ಮನೆಯ ಗಣಕಯಂತ್ರಗಳಿಗೂ ಪೆಟ್ಟಿಗೆಯ ಆಡಳಿತ ಪುಟಕ್ಕೂ ದಾರಿ ಇರಬಾರದು. ವಿಳಾಸ ಹಂಚುವ, ತಾಣದ ಹೆಸರು ಹುಡುಕುವ ಎರಡು ಸೇವೆಗಳಿಗೆ ಮಾತ್ರ ಅನುಮತಿ ಕೊಡಿ, ಇಲ್ಲದಿದ್ದರೆ ಅತಿಥಿಗಳ ಫೋನ್ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಟಿವಿ, ಅಗ್ಗದ ಕ್ಯಾಮೆರಾಗಳನ್ನೂ ಈ ಬಾಗಿಲಿಗೇ ಸೇರಿಸುವುದು ಜಾಣತನ.

ಎರಡು ಭಾಷೆಯ ಪಾಸ್‌ವರ್ಡ್

ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು. ಎಂಟು ಸಾಲದು. ಫೋನ್ ಜೋಡಿಸಿಕೊಳ್ಳುವ ಕ್ಷಣದ ಮಾತುಕತೆಯನ್ನು ಹೊರಗಿನಿಂದ ಹಿಡಿದುಕೊಂಡು ಹೋಗಿ, ಮನೆಯಲ್ಲಿ ಕೂತು ಯಂತ್ರದಿಂದ ಲಕ್ಷಗಟ್ಟಲೆ ಊಹೆ ಮಾಡಬಹುದು. ಡಬ್ಲ್ಯುಪಿಎ2ಗೆ ಇರುವ ದೊಡ್ಡ ಅಪಾಯ ಇದೇ. ಹತ್ತಂಕಿಯ ಮೊಬೈಲ್ ಸಂಖ್ಯೆ ಇಂಥ ಊಹೆಗೆ ಬಲು ಸುಲಭದ ತುತ್ತು.

ಇಲ್ಲಿ ನಮಗೊಂದು ಅನುಕೂಲವಿದೆ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳಿವೆ. ನಮ್ಮ ಮನೆಮಾತಿನ ಎಷ್ಟೋ ಪದಗಳು ಬೆಂಗಳೂರಿನವರಿಗೂ ಗೊತ್ತಿಲ್ಲ, ಮದುರೈಯವರಿಗೂ ಗೊತ್ತಿಲ್ಲ! ಒಂದು ತಮಿಳು ಪುಸ್ತಕವನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ಮೂರು ಪದ ತೆಗೆದುಕೊಳ್ಳಿ. ಅಜ್ಜಿಯ ಬಾಯಿಂದ ಕೇಳಿದ ಎರಡು ಕನ್ನಡ ಪದ ಸೇರಿಸಿ. ಐದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ನಿಮ್ಮದೇ ಕಾಗುಣಿತದಲ್ಲಿ ಬರೆದು, ನಡುವೆ ಒಂದೆರಡು ಅಂಕಿ ಹಾಕಿ. ನೆನಪಿಡಲು ಸುಲಭ, ಊಹಿಸಲು ಕಷ್ಟ. ಗಾದೆ, ದೇವರ ಹೆಸರು, ಸಿನಿಮಾ ಹಾಡಿನ ಸಾಲು, ಮಕ್ಕಳ ಹೆಸರು ಬೇಡ; ಊಹೆ ಮಾಡುವವರು ಅಲ್ಲಿಂದಲೇ ಶುರು ಮಾಡುತ್ತಾರೆ.

ಅಂದ ಹಾಗೆ, ವೈಫೈ ಹೆಸರನ್ನು ಅಡಗಿಸುವುದು, ನಿಗದಿತ ಯಂತ್ರಗಳನ್ನು ಮಾತ್ರ ಬಿಡುವ ಪಟ್ಟಿ ಮಾಡುವುದು ಎಂಬ ಸಲಹೆಗಳು ಆಗಾಗ ಕೇಳಿಬರುತ್ತವೆ. ಇವು ಬೀಗವಲ್ಲ, ಪರದೆ ಮಾತ್ರ. ಬಲ್ಲವರು ಎರಡನ್ನೂ ನಿಮಿಷದಲ್ಲಿ ದಾಟುತ್ತಾರೆ.

ಕರೆಂಟು, ನಕಲು, ನವೀಕರಣ

ತೇನಿಯ ಜಾಲದಲ್ಲಿ ಕಾರ್ಡ್ ಕೆಡದಂತೆ ಮಾಡಿದ ಒಂದು ಉಪಾಯ, ತಂತ್ರಾಂಶವಿರುವ ಭಾಗವನ್ನು ಓದಲು ಮಾತ್ರ ತೆರೆದು, ಬರೆಯಲು ಬಿಡದೇ ಇರುವುದು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇಂಥದೇ ಏರ್ಪಾಡು ಬಹುತೇಕ ಪೆಟ್ಟಿಗೆಗಳಲ್ಲಿ ಹುಟ್ಟಿನಿಂದಲೇ ಇದೆ. ಮೂಲ ತಂತ್ರಾಂಶ ಬದಲಾಗದ ಪದರದಲ್ಲಿ, ನಿಮ್ಮ ಹೊಂದಾಣಿಕೆಗಳು ಅದರ ಮೇಲಿನ ಪದರದಲ್ಲಿ. ಏನೋ ಎಡವಟ್ಟಾಗಿ ಒಳಗೆ ಹೋಗಲಾಗದಿದ್ದರೆ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಸಾಮಾನ್ಯವಾಗಿ ಮೇಲಿನ ಪದರ ಮಾತ್ರ ಅಳಿಯುತ್ತದೆ. ಆಮೇಲೆ ಹೆಜ್ಜೆ 3ರಿಂದ ಮತ್ತೆ ಶುರು. ಆದರೂ ಪೆಟ್ಟಿಗೆಯ ಅಡಾಪ್ಟರ್ ಸುಡದಿರಲು ಸಣ್ಣ ಯುಪಿಎಸ್ ಅಥವಾ ಸರ್ಜ್ ತಡೆಯುವ ಪ್ಲಗ್ ಇರಲಿ. ಗುಡುಗು ಮಳೆಯ ದಿನ ಕೇಬಲ್ ಕಿತ್ತಿಡಿ.

ಎಲ್ಲವೂ ಸರಿಯಾದ ಮೇಲೆ 'ಸಿಸ್ಟಂ' ಪಟ್ಟಿಯ 'ಬ್ಯಾಕಪ್' ಪುಟದಿಂದ ಹೊಂದಾಣಿಕೆಗಳ ನಕಲು ತೆಗೆದು ಪೆನ್‌ಡ್ರೈವ್‌ನಲ್ಲಿ ಇಡಿ. ಅದರೊಳಗೆ ನಿಮ್ಮ ವೈಫೈ ಪಾಸ್‌ವರ್ಡೂ ಇರುತ್ತದೆ, ಯಾರಿಗೂ ಕಳಿಸಬೇಡಿ.

ಓಪನ್‌ಡಬ್ಲ್ಯುಆರ್‌ಟಿ ಸಾಮಾನ್ಯವಾಗಿ ತಾನಾಗಿ ನವೀಕರಣವಾಗುವುದಿಲ್ಲ. ಎರಡು-ಮೂರು ತಿಂಗಳಿಗೊಮ್ಮೆ ತಾಣ ನೋಡಿ, ಹೊಸ ತಿದ್ದುಪಡಿ ಬಂದಿದ್ದರೆ ಹಾಕಿ. ಅದೇ ದಿನ 'ಸ್ಟೇಟಸ್' ಪುಟದಲ್ಲಿ ಯಾವ ಯಂತ್ರಗಳು ಜೋಡಿಸಿಕೊಂಡಿವೆ ಎಂದೂ ನೋಡಿ. ಮನೆಯಲ್ಲಿ ಐದು ಫೋನ್ ಇದ್ದು ಪಟ್ಟಿಯಲ್ಲಿ ಒಂಬತ್ತು ಕಂಡರೆ ಪಾಸ್‌ವರ್ಡ್ ಬದಲಿಸುವ ಸಮಯ ಬಂದಿದೆ ಎಂದರ್ಥ.

ಹೊಸ ಪೆಟ್ಟಿಗೆ ಕೊಳ್ಳಲಾಗದಿದ್ದರೆ?

ಚಿಂತೆ ಬೇಡ. ಇರುವ ಪೆಟ್ಟಿಗೆಯಲ್ಲೇ ಈ ನಾಲ್ಕು ಕೆಲಸ ಮಾಡಿದರೂ ಹೆಚ್ಚಿನ ಅಪಾಯ ತಪ್ಪುತ್ತದೆ: ಆಡಳಿತ ಪಾಸ್‌ವರ್ಡ್ ಬದಲಿಸಿ, ವೈಫೈ ಪಾಸ್‌ವರ್ಡ್ ಉದ್ದ ಮಾಡಿ, ಡಬ್ಲ್ಯುಪಿಎಸ್ ಮುಚ್ಚಿ, ಭದ್ರತೆ ಡಬ್ಲ್ಯುಪಿಎ2ಕ್ಕಿಂತ ಕೆಳಗಿರದಂತೆ ನೋಡಿ. ಅಂದಹಾಗೆ ಹಳೆಯ ಗಣಕಯಂತ್ರ ಅಥವಾ ರಾಸ್ಪ್‌ಬೆರಿ ಪೈ ಇದ್ದವರು ಲಿನಕ್ಸ್ ಹಾಕಿ 'ಹೋಸ್ಟ್‌ಎಪಿಡಿ' ಎಂಬ ಮುಕ್ತ ತಂತ್ರಾಂಶದಿಂದ ಅದನ್ನೇ ವೈಫೈ ಕೇಂದ್ರವಾಗಿ ಮಾಡಬಹುದು. ಓಪನ್‌ಡಬ್ಲ್ಯುಆರ್‌ಟಿಯ ವೈಫೈ ಹಿಂದೆ ಕೆಲಸ ಮಾಡುವುದೂ ಇದೇ ಸಂಕೇತ. ಆದರೆ ಪೈನ ಸಣ್ಣ ಆಂಟೆನಾ ಒಂದೆರಡು ಕೋಣೆಗಿಂತ ದೂರ ಮುಟ್ಟುವುದು ಕಷ್ಟ.

ಕೊನೆಯದಾಗಿ

ತೇನಿಯ ಎರಡನೆಯ ಪಾಠ ಮರೆಯುವ ಹಾಗಿಲ್ಲ. ಯಂತ್ರ ಕೆಟ್ಟದ್ದಕ್ಕಿಂತ, ಕೆಟ್ಟಾಗ ನೋಡುವವರು ಹತ್ತಿರ ಇಲ್ಲದ್ದು ದೊಡ್ಡ ತೊಂದರೆ. ನಮ್ಮ ಮನೆಗಳಲ್ಲೂ ಹಾಗೆಯೇ. ವೈಫೈ ಹೊಂದಿಸಿದ ಮಗ ತಿರುಪ್ಪೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಹೋಗುತ್ತಾನೆ. ಪೆಟ್ಟಿಗೆ ನಿಂತ ದಿನ ಅಪ್ಪ-ಅಮ್ಮ ಅಂಗಡಿಯವನನ್ನು ಕರೆಸುತ್ತಾರೆ, ಅವನು ಬಂದು ಪಾಸ್‌ವರ್ಡನ್ನು ಮತ್ತೆ ಮೊಬೈಲ್ ಸಂಖ್ಯೆಗೆ ಇಳಿಸಿ ಹೋಗುತ್ತಾನೆ. ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ.

ಆದ್ದರಿಂದ ಒಂದು ಸಣ್ಣ ನೋಟ್‌ಬುಕ್ ಇಡಿ. ರೌಟರ್ ಮಾದರಿ, ವಿಳಾಸ, ಎರಡೂ ಪಾಸ್‌ವರ್ಡ್, ನವೀಕರಿಸಿದ ದಿನಾಂಕ ಬರೆಯಿರಿ. ಕನ್ನಡದಲ್ಲೋ ತಮಿಳಿನಲ್ಲೋ, ಮನೆಯಲ್ಲಿರುವವರು ಓದುವ ಲಿಪಿಯಲ್ಲಿ ಬರೆಯಿರಿ. ಜಮೀನಿನ ಪತ್ರ ಇರುವ ಪೆಟ್ಟಿಗೆಯಲ್ಲೇ ಅದನ್ನೂ ಇಡಿ. ಮಗ ಊರಿಗೆ ಹೊರಡುವ ಮುನ್ನ ತಂಗಿಗೋ ಅಮ್ಮನಿಗೋ ಒಂದು ಸಲ ಹೆಜ್ಜೆ 1ರಿಂದ 7ರವರೆಗೆ ಮಾಡಿಸಿ ತೋರಿಸಲಿ.